ತಪ್ಪು ಉತ್ತರಕ್ಕೂ ಕಾರಣ ಕೇಳುತ್ತಿದ್ದ ಟೀಚರ್

ಮಾನ್ಯ ಸಂಪಾದಕರೇ,

ಕೆಲವು ದಿನಗಳ ಹಿಂದೆ ನಿಮ್ಮ ಪತ್ರಿಕೆಯ ನಿಧನ ವಾರ್ತೆಯ ಅಂಕಣದಲ್ಲಿ ನಿವೃತ್ತ ಗಣಿತ ಶಿಕ್ಷಕಿಯೊಬ್ಬರ ಸಾವಿನ ಸುದ್ದಿ ಐದು ಸಾಲುಗಳಲ್ಲಿ ಬಂದಿತ್ತು. ವಯಸ್ಸು, ಸೇವೆ ಸಲ್ಲಿಸಿದ ವರ್ಷಗಳು, ಬಂಧುಗಳ ವಿವರ ಎಲ್ಲವೂ ಸರಿಯಾಗಿಯೇ ಇದ್ದವು. ತಿದ್ದುಪಡಿ ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ‘ಅಪಾರ ಶಿಷ್ಯವೃಂದವನ್ನು ಅಗಲಿದ್ದಾರೆ’ ಎಂಬ ಕೊನೆಯ ಸಾಲನ್ನು ಓದಿದಾಗ, ಆ ಶಿಷ್ಯವೃಂದಕ್ಕೆ ಅವರು ಕಲಿಸಿದ್ದೇನು, ಕಲಿಸಿದ ಬಗೆ ಎಂಥದ್ದು ಎಂಬುದನ್ನು ಬಲ್ಲವರು ಯಾರಾದರೂ ಬರೆದಿಡಬೇಕು ಅನ್ನಿಸಿತು. ನಾನು ಅವರ ಸಹಪಾಠಿ. ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಅವರ ಪಕ್ಕದಲ್ಲೇ ಕುಳಿತವಳು. ಮುಂದೆ ನನ್ನ ಮಗ ಅವರ ತರಗತಿಯಲ್ಲಿ ಎರಡು ವರ್ಷ ಕಲಿತ. ಹಾಗಾಗಿ ಅವರನ್ನು ಬೆಂಚಿನ ಕಡೆಯಿಂದಲೂ ಕಪ್ಪುಹಲಗೆಯ ಕಡೆಯಿಂದಲೂ ಕಂಡ ಕೆಲವೇ ಜನರಲ್ಲಿ ನಾನೂ ಒಬ್ಬಳು.

ಎರಡು ಮಾತುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯವರ ಇಚ್ಛೆಯಂತೆ ಈ ಪತ್ರದಲ್ಲಿ ಅವರ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಬರೆದಿಲ್ಲ. ಇನ್ನೊಂದು, ಇಷ್ಟು ಹೊತ್ತು ‘ಅವರು’ ಎಂದು ಬರೆಯುತ್ತ ಬಂದೆನಾದರೂ ನನ್ನ ಕೈ ಅದಕ್ಕೆ ಒಗ್ಗುತ್ತಿಲ್ಲ. ಆರು ವರ್ಷದವಳಿದ್ದಾಗಿನಿಂದ ಅವಳು ನನಗೆ ‘ಅವಳು’, ನಾನು ಅವಳಿಗೆ ‘ಇವಳೇ’. ಅವಳಲ್ಲಿ ಕಲಿತವರಿಗೆ ಈ ಏಕವಚನ ಕಿವಿಗೆ ಒರಟಾಗಿ ಕೇಳಿಸಬಹುದು, ದಯವಿಟ್ಟು ಮನ್ನಿಸಬೇಕು.

ನಾವು ಐದನೇ ತರಗತಿಯಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ಹೇಳದೆ ಅವಳ ಬಗ್ಗೆ ಮುಂದೇನೂ ಹೇಳಲು ಸಾಧ್ಯವಿಲ್ಲ. ಒಂದು ದಿನ ಲೆಕ್ಕದ ಮೇಷ್ಟ್ರು ಅವಳನ್ನು ಕರೆದು 403ರಲ್ಲಿ 127 ಕಳೆಯುವಂತೆ ಹೇಳಿದರು. ಅವಳು ಹಲಗೆಯ ಮೇಲೆ ದುಂಡಗಿನ ಅಕ್ಷರಗಳಲ್ಲಿ 324 ಎಂದು ಬರೆದು, ಸೀಮೆಸುಣ್ಣವನ್ನು ಹಿಡಿದುಕೊಂಡೇ ನಿಂತಳು. ತರಗತಿ ನಕ್ಕಿತು. ಮೇಷ್ಟ್ರು ಒಂದು ಮಾತೂ ಆಡದೆ ಡಸ್ಟರಿನಿಂದ ಅದನ್ನು ಒರೆಸಿ, ನನ್ನನ್ನು ಕರೆದರು. ನಾನು 276 ಎಂದು ಬರೆದೆ. ‘ಶಭಾಷ್’ ಅಂದರು. ನಾನು ಬಂದು ಕುಳಿತಾಗ ಅವಳು ಅಳುತ್ತಿರಲಿಲ್ಲ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅದೇ ಲೆಕ್ಕವನ್ನು ಮತ್ತೆ ಮಾಡುತ್ತಿದ್ದಳು. ‘ಮೂರಕ್ಕೂ ಏಳಕ್ಕೂ ವ್ಯತ್ಯಾಸ ನಾಲ್ಕೇ ತಾನೆ? ಸೊನ್ನೆಗೂ ಎರಡಕ್ಕೂ ಎರಡೇ ತಾನೆ? ಎಲ್ಲಿ ತಪ್ಪಿದೆ ಹೇಳೇ’ ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಪಕ್ಕದ ಅಂಕಿಯಿಂದ ಸಾಲ ತೆಗೆದುಕೊಳ್ಳಬೇಕು, ಪಕ್ಕದಲ್ಲಿ ಸೊನ್ನೆಯಿದ್ದರೆ ಅದರ ಪಕ್ಕದಿಂದ ತೆಗೆದುಕೊಳ್ಳಬೇಕು ಎಂದು ಬಾಯಿಪಾಠ ಮಾಡಿಕೊಂಡಿದ್ದೆನೇ ಹೊರತು, ಆ ಸಾಲ ಏನೆಂಬುದು ನನಗೂ ತಿಳಿದಿರಲಿಲ್ಲ. ಅವಳಿಗೆ ಅದು ತಿಳಿಯಲು ಮುಂದಿನ ವರ್ಷವೇ ಬರಬೇಕಾಯಿತು, ಅದೂ ತಾನೇ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ, ಹತ್ತು ಕಟ್ಟುಗಳನ್ನು ಸೇರಿಸಿ ನೂರರ ಕಟ್ಟು ಮಾಡಿ, ಬಿಚ್ಚಿ ಕಟ್ಟಿ ನೋಡಿದ ಮೇಲೆ. ಆ ಮೇಷ್ಟ್ರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ಅವರಿಗೆ ಸಮಯವೂ ಇರಲಿಲ್ಲ, ತಪ್ಪು ಉತ್ತರ ಬಂದರೆ ಒರೆಸಬೇಕು ಎಂಬುದನ್ನು ಬಿಟ್ಟು ಬೇರೇನನ್ನೂ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳು ಶಿಕ್ಷಕಿಯಾದ ಮೇಲೆ ಮೂವತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಮಗು ಬರೆದ ತಪ್ಪು ಉತ್ತರವನ್ನು ಕೂಡಲೇ ಒರೆಸಲಿಲ್ಲ. ಇದನ್ನು ಅವಳ ವಿದ್ಯಾರ್ಥಿಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಲಗೆಯ ಬಲಬದಿಯಲ್ಲಿ ಒಂದು ಗೆರೆ ಎಳೆದು, ತಪ್ಪು ಉತ್ತರವನ್ನು ಅಲ್ಲಿ ಹಾಗೇ ಬಿಟ್ಟು, ‘ಇದು ಹೇಗೆ ಬಂತು ಹೇಳು ಮರಿ’ ಎನ್ನುತ್ತಿದ್ದಳು. ಸರಿಯುತ್ತರ ಬಂದಾಗಲೂ ಅದೇ ಪ್ರಶ್ನೆ, ಅದೇ ದನಿ. ಆದ್ದರಿಂದ ಪ್ರಶ್ನೆ ಕೇಳಿದ ಮಾತ್ರಕ್ಕೆ ತಮ್ಮ ಉತ್ತರ ತಪ್ಪಿರಬೇಕೆಂದು ಮಕ್ಕಳು ಊಹಿಸುವಂತಿರಲಿಲ್ಲ. ಹಾಗೆಂದು ಅವಳು ಸಡಿಲ ಬಿಡುವ ಟೀಚರ್ ಆಗಿರಲಿಲ್ಲ. ತಪ್ಪಿಗೆ ಅಂಕ ಕೊಡುತ್ತಿರಲಿಲ್ಲ. ತಪ್ಪನ್ನು ಸರಿ ಎಂದು ಸಮಾಧಾನ ಹೇಳುತ್ತಲೂ ಇರಲಿಲ್ಲ. ಕಾರಣ ತಿಳಿಯುವವರೆಗೆ ಮುಂದಕ್ಕೆ ಹೋಗುತ್ತಿರಲಿಲ್ಲ, ಅಷ್ಟೆ.

ನನ್ನ ಮಗ ಅವಳ ತರಗತಿಯಲ್ಲಿದ್ದಾಗ ಒಮ್ಮೆ ಶಾಲೆಗೆ ಬೇಗ ಹೋಗಿ, ಬಾಗಿಲ ಹೊರಗೆ ನಿಂತು ಅವಳ ಪಾಠವನ್ನು ಕೇಳಿದ್ದೆ. ಅವಳೊಂದು ಪ್ರಶ್ನೆ ಕೇಳಿ ಸುಮ್ಮನಾದಳು. ಯಾರೂ ಕೈ ಎತ್ತಲಿಲ್ಲ. ಅವಳು ಇನ್ನೊಮ್ಮೆ ಕೇಳಲಿಲ್ಲ, ಸುಳಿವು ಕೊಡಲಿಲ್ಲ, ಜಾಣ ಮಕ್ಕಳ ಕಡೆ ತಿರುಗಲೂ ಇಲ್ಲ. ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಎಡಗೈಯ ಹೆಬ್ಬೆರಳಿನಿಂದ ಒಂದೊಂದೇ ಬೆರಳನ್ನು ಮುಟ್ಟುತ್ತ ನಿಂತಿದ್ದಳು. ನಾಲ್ಕನೇ ಬೆರಳಿಗೆ ಬರುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಆ ಬೆರಳಿನ ಲೆಕ್ಕ ಏನೆಂದು ಆಮೇಲೆ ಕೇಳಿದಾಗ ಅವಳು ವಿವರಿಸಿದ್ದು ಇದು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಪರಿಶೀಲಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿದ ಬಳಿಕ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂಬುದು ಕಂಡುಬಂತು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ‘ಗೊತ್ತಿಲ್ಲ’ ಎನ್ನುವವರು ಕಡಿಮೆಯಾಗುತ್ತಾರೆ, ಮಕ್ಕಳೇ ಹೆಚ್ಚು ಪ್ರಶ್ನೆ ಕೇಳತೊಡಗುತ್ತಾರೆ. ‘ಮೂರು ಸೆಕೆಂಡ್ ಅಂದರೆ ಕಡಿಮೆ ಅನ್ನಿಸುತ್ತೆ ಕಣೇ, ಎದುರಿಗೆ ನಲವತ್ತು ಮುಖ ಇಟ್ಟುಕೊಂಡು ನಿಂತು ನೋಡು’ ಅಂದಳು. ಮೊದಮೊದಲು ತನ್ನ ಬಾಯಿಯನ್ನು ತಾನೇ ನಂಬಲಾಗದೆ ಬೆರಳಿಗೆ ಕೆಲಸ ಕೊಟ್ಟವಳು, ನಿವೃತ್ತಿಯವರೆಗೂ ಆ ಅಭ್ಯಾಸವನ್ನು ಬಿಡಲಿಲ್ಲ.

ನಮ್ಮ ಗೆಳೆತನದಲ್ಲಿ ಬಿರುಕು ಬಿಡುವಷ್ಟು ದೊಡ್ಡ ಜಗಳವೊಂದು ನಡೆದದ್ದೂ ಅದೇ ವರ್ಷ. ನಾನು ಲೆಕ್ಕಪತ್ರ ವಿಭಾಗದಲ್ಲಿ ಉದ್ಯೋಗದಲ್ಲಿದ್ದವಳು. ನನ್ನ ಕೆಲಸದಲ್ಲಿ ತಪ್ಪೆಂದರೆ ತಪ್ಪು, ಅದನ್ನು ಹುಡುಕಿ ತಿದ್ದಿ ಸಹಿ ಹಾಕುವುದಷ್ಟೇ ನನಗೆ ಗೊತ್ತಿತ್ತು. ಪರೀಕ್ಷೆ ಹತ್ತಿರ ಬರುತ್ತಿದ್ದರೂ ಅವಳ ತರಗತಿಯಲ್ಲಿ ಪಠ್ಯದ ಕೊನೆಯ ಮೂರು ಪಾಠಗಳು ಉಳಿದಿದ್ದವು. ಕೆಲವು ಪೋಷಕರು ಶಾಲೆಯ ಮುಖ್ಯಸ್ಥರಿಗೆ ದೂರು ಕೊಟ್ಟರು. ನಾನು ದೂರಿಗೆ ಸಹಿ ಹಾಕಲಿಲ್ಲವಾದರೂ ಅವಳ ಮನೆಗೆ ಹೋಗಿ, ‘ಒಂದೊಂದು ಮಗುವಿನ ತಪ್ಪನ್ನು ಹಿಡಿದುಕೊಂಡು ಕೂತರೆ ಉಳಿದ ಮಕ್ಕಳ ಗತಿಯೇನು’ ಎಂದು ಕಟುವಾಗಿ ಕೇಳಿದೆ. ಆಗ ಅವಳು ಉತ್ತರ ಕೊಡಲಿಲ್ಲ. ಮರುದಿನದಿಂದ ಶಾಲೆ ಬಿಟ್ಟ ಬಳಿಕ ಒಂದು ಗಂಟೆ ಹೆಚ್ಚು ಕುಳಿತು ಆ ಪಾಠಗಳನ್ನು ಮುಗಿಸಿದಳು. ಪೋಷಕರ ಆತಂಕ ಆಧಾರವಿಲ್ಲದ್ದೇನಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಕೊನೆಯ ಪಾಠಗಳು ಅವಸರದಲ್ಲಿ ಮುಗಿದದ್ದು ನಿಜ. ಆದರೆ ಅವಳು ನಿಧಾನಿಸಿದ ಜಾಗಗಳು ಯಾವುವು, ಏಕೆ ನಿಧಾನಿಸಿದಳು ಎಂಬುದು ನನಗೆ ತಿಳಿದದ್ದು ತೀರ ಈಚೆಗೆ, ಅವಳ ನೋಟ್‌ಬುಕ್ಕುಗಳು ನನ್ನ ಕೈಗೆ ಬಂದ ಮೇಲೆ.

ಅವಳು ತೀರಿಕೊಂಡ ನಂತರ ಮಗಳು ನನ್ನನ್ನು ಕರೆಸಿ, ಕಪಾಟಿನ ಕೆಳಗಿನ ಅರೆಯಿಂದ ಹನ್ನೊಂದು ಉದ್ದನೆಯ ನೋಟ್‌ಬುಕ್ಕುಗಳನ್ನು ತೆಗೆದು ಮುಂದಿಟ್ಟಳು. ‘ಚಿಕ್ಕಮ್ಮ, ಇವು ಏನೆಂದು ನಮಗೆ ಅರ್ಥವಾಗುತ್ತಿಲ್ಲ, ತುಂಬ ತಪ್ಪು ಲೆಕ್ಕಗಳೇ ಇವೆ’ ಅಂದಳು. ಮೊದಲನೆಯದನ್ನು ತೆರೆದೆ. ಮೊದಲ ಪುಟದ ಮೊದಲ ಸಾಲಿನಲ್ಲಿ 403 − 127 = 324 ಎಂದು ಬರೆದಿತ್ತು. ಅದರ ಕೆಳಗೆ, ‘ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆದಿದೆ. ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂದು ನೋಡಿಲ್ಲ. ಚಿಕ್ಕದರಿಂದ ದೊಡ್ಡದನ್ನು ಕಳೆಯಲಾಗದು ಎಂದು ಮೊದಲೇ ಹೇಳಿಕೊಟ್ಟಿರುವುದರಿಂದ ಹೀಗೆ ಮಾಡಿದೆ’ ಎಂದಿತ್ತು. ಮಗುವಿನ ಹೆಸರಿರಲಿಲ್ಲ. ಹನ್ನೊಂದು ನೋಟ್‌ಬುಕ್ಕುಗಳಲ್ಲೂ ಒಂದೇ ಒಂದು ಮಗುವಿನ ಹೆಸರಿಲ್ಲ. ತರಗತಿ, ವರ್ಷ, ಲೆಕ್ಕ, ಕಾರಣ ಇಷ್ಟೇ. ಮೊದಲ ಪುಟದ ಆ ಮಗು ಯಾರೆಂದು ನಾನು ಮಗಳಿಗೆ ಹೇಳಿದೆ.

ಈ ವ್ಯವಕಲನದ ತಪ್ಪು ಅವಳೊಬ್ಬಳದಾಗಿರಲಿಲ್ಲ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಸಂಶೋಧಕರು ಮಕ್ಕಳ ಲೆಕ್ಕದ ತಪ್ಪುಗಳನ್ನು ವಿಶ್ಲೇಷಿಸಿ, ಅವುಗಳಲ್ಲಿ ಅನೇಕವು ಅಜಾಗರೂಕತೆಯಿಂದ ಆದವಲ್ಲ, ಮಗು ತಾನೇ ಕಟ್ಟಿಕೊಂಡ ನಿಯಮವೊಂದನ್ನು ಶಿಸ್ತಿನಿಂದ ಪಾಲಿಸುವುದರಿಂದ ಆದವು ಎಂದು ತೋರಿಸಿಕೊಟ್ಟಿದ್ದರು. ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು ಆ ಪಟ್ಟಿಯಲ್ಲಿ ಎಲ್ಲರಿಗೂ ಪರಿಚಿತವಾದ ತಪ್ಪು. ಯಾವುದೋ ತರಬೇತಿಯಲ್ಲಿ ಇದನ್ನು ಕೇಳಿಕೊಂಡು ಬಂದ ದಿನ ಅವಳು ನನಗೆ ಫೋನ್ ಮಾಡಿ, ‘ಏ ಇವಳೇ, ನನ್ನ 324ರ ಮೇಲೆ ದೊಡ್ಡವರು ಸಂಶೋಧನೆ ಮಾಡಿದ್ದಾರಂತೆ ಕಣೇ’ ಎಂದು ಹೇಳಿದ್ದು, ಹೇಳುತ್ತ ಹೇಳುತ್ತ ಅವಳ ಗಂಟಲು ಕಟ್ಟಿದ್ದು ನನಗೆ ನೆನಪಿದೆ. ಐದನೇ ತರಗತಿಯಲ್ಲಿ ಅಳದವಳು ಅಂದು ಅತ್ತಳು.

ನೋಟ್‌ಬುಕ್ಕುಗಳಲ್ಲಿ ಬಹುಪಾಲು ಹೀಗೆ ಒಂದೆರಡು ಸಾಲಿನ ಟಿಪ್ಪಣಿಗಳು. 9 + 6 = 14, 8 + 4 = 11 ಎಂದು ಬರೆಯುವ ಮಗು ಪ್ರತಿಸಲವೂ ಒಂದು ಕಡಿಮೆ ಬರೆಯುತ್ತದೆ; ಏಕೆಂದರೆ ಒಂಬತ್ತರಿಂದ ಮುಂದಕ್ಕೆ ಆರು ಎಣಿಸುವಾಗ ಒಂಬತ್ತನ್ನೂ ಸೇರಿಸಿ ಎಣಿಸುತ್ತದೆ. ನಾಲ್ಕಕ್ಕಿಂತ ಎಂಟು ದೊಡ್ಡದಾದ್ದರಿಂದ ಕಾಲುಭಾಗಕ್ಕಿಂತ ಎಂಟನೇ ಒಂದು ಭಾಗವೇ ದೊಡ್ಡದು ಎಂದು ಇನ್ನೊಂದು ಮಗು ಹೇಳುತ್ತದೆ. 0.8ಕ್ಕಿಂತ 0.45 ದೊಡ್ಡದೆಂದು ಹೇಳುವ ಮಗುವಿಗೆ ಕಾಣುವುದು ಎಂಟು ಮತ್ತು ನಲವತ್ತೈದು. ಈ ಕೊನೆಯದರ ಪಕ್ಕದಲ್ಲಿ ಅವಳು, ‘ನಾನೇ ತಪ್ಪು ಓದುತ್ತಿದ್ದೆ. ಬಿಂದುವಿನ ಆಚೆ ನಲವತ್ತೈದು ಎನ್ನಬಾರದು. ನಾಲ್ಕು, ಐದು ಎಂದು ಬಿಡಿಬಿಡಿಯಾಗಿ ಓದಬೇಕು’ ಎಂದು ಬರೆದುಕೊಂಡಿದ್ದಾಳೆ. ಮಗುವಿನ ತಪ್ಪಿನಲ್ಲಿ ತನ್ನ ಪಾಲು ಎಷ್ಟೆಂದು ಹುಡುಕುವ ಇಂಥ ಟಿಪ್ಪಣಿಗಳು ಆ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತವೆ, ಮತ್ತು ಅವುಗಳನ್ನು ಓದುವಾಗ ನನಗೆ ಅವಳ ಮೇಲೆ ಇದ್ದ ಗೌರವ ಇನ್ನೂ ಹೆಚ್ಚಾಯಿತು.

ಸಮ ಚಿಹ್ನೆಗೆ ಅವಳು ಎಂಟು ಪುಟಗಳನ್ನು ಕೊಟ್ಟಿದ್ದಾಳೆ. 8 + 4 = ▢ + 5 ಎಂದು ಬರೆದು ಖಾಲಿ ಜಾಗ ತುಂಬಲು ಹೇಳಿದರೆ, ಬಹಳ ಮಕ್ಕಳು 12 ಎಂದೂ ಕೆಲವರು ಇದ್ದ ಅಂಕಿಗಳನ್ನೆಲ್ಲ ಕೂಡಿ 17 ಎಂದೂ ಬರೆಯುತ್ತಾರೆ; ಬರೆಯಬೇಕಾದದ್ದು 7. ಆ ಎರಡು ಗೆರೆಗಳನ್ನು ಮಕ್ಕಳು ‘ಇಲ್ಲಿ ಉತ್ತರ ಬರೆ’ ಎಂಬ ಆಜ್ಞೆಯೆಂದು ತಿಳಿದಿರುತ್ತಾರೆ. ವರ್ಷಗಟ್ಟಲೆ ಎಡಗಡೆ ಲೆಕ್ಕ, ಬಲಗಡೆ ಉತ್ತರ ಎಂದೇ ನೋಡುತ್ತ ಬಂದ ಮಗುವಿಗೆ ಬೇರೆ ಏನು ತಾನೇ ತೋಚೀತು? ಇದಕ್ಕಾಗಿ ಅವಳು ಮಕ್ಕಳಿಗೆ ಒಂದು ಕಥೆ ಹೇಳುತ್ತಿದ್ದಳು, ಅದನ್ನು ನನ್ನ ಮಗನೂ ಮನೆಗೆ ಬಂದು ಹೇಳಿದ್ದ. 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬಾತ, ‘ಸಮವಾಗಿದೆ’ ಎಂದು ಪ್ರತಿಸಲವೂ ಅಕ್ಷರಗಳಲ್ಲಿ ಬರೆದು ಬೇಸತ್ತು, ಅದರ ಬದಲು ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಳನ್ನು ಎಳೆದ. ಅವಕ್ಕಿಂತ ಸಮವಾದ ಎರಡು ವಸ್ತುಗಳು ಬೇರೆ ಇರಲಾರವು ಎಂಬುದು ಅವನು ಕೊಟ್ಟ ಕಾರಣ. ಕಥೆ ಹೇಳಿದ ಮೇಲೆ ಅವಳು ಹಲಗೆಯ ಮೇಲೆ ಒಂದು ತಕ್ಕಡಿ ಬರೆದು, ಎರಡು ತಟ್ಟೆಗಳಲ್ಲೂ ಅಂಕಿಗಳನ್ನು ಇಟ್ಟು, ಯಾವ ತಟ್ಟೆ ಕೆಳಗೆ ಹೋಗುತ್ತದೆ ಎಂದು ಮಕ್ಕಳನ್ನೇ ಕೇಳುತ್ತಿದ್ದಳು. ಮುಂದೆ ಎಂಟನೇ ತರಗತಿಯ ಬೀಜಗಣಿತದಲ್ಲಿ ಅವಳ ವಿದ್ಯಾರ್ಥಿಗಳು ಸಮೀಕರಣಕ್ಕೆ ಹೆದರದೆ ಇದ್ದುದಕ್ಕೆ ಈ ತಕ್ಕಡಿಯೇ ಕಾರಣವೆಂದು ನಾನು ನಂಬಿದ್ದೇನೆ. ನಾನು ಜಗಳವಾಡಿದ ವರ್ಷದಲ್ಲಿ ಮೂರು ವಾರ ‘ಹಾಳು ಮಾಡಿದಳು’ ಎಂದು ಪೋಷಕರು ದೂರಿದ್ದು ಈ ತಕ್ಕಡಿಯ ಮೂರು ವಾರಗಳನ್ನೇ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಹಿಡಿದಿಟ್ಟದ್ದು ಆರನೇ ನೋಟ್‌ಬುಕ್ಕಿನ ನಡುವಿನ ಪುಟಗಳು. ಒಂದು ಮಗು 1/2 + 1/3 = 2/5 ಎಂದು ಬರೆದಿದೆ: ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದೆ. ಸರಿಯುತ್ತರ 5/6. ಇದು ಯಾವ ಶಾಲೆಯಲ್ಲೂ ಕಾಣುವ ತಪ್ಪು. ಹೇಗೆ ಬಂತೆಂದು ಕೇಳಿದಾಗ ಆ ಮಗು ಕೊಟ್ಟ ಉತ್ತರವನ್ನು ಅವಳು ಹಾಗೇ ಬರೆದಿಟ್ಟಿದ್ದಾಳೆ: ‘ಒಂದು ಬೆಂಚಿನಲ್ಲಿ ಇಬ್ಬರಲ್ಲಿ ಒಬ್ಬರು ಕೈ ಎತ್ತಿದರು, ಇನ್ನೊಂದು ಬೆಂಚಿನಲ್ಲಿ ಮೂವರಲ್ಲಿ ಒಬ್ಬರು ಕೈ ಎತ್ತಿದರು, ಒಟ್ಟು ಐದು ಜನರಲ್ಲಿ ಇಬ್ಬರು ಕೈ ಎತ್ತಿದರು, ಟೀಚರ್.’ ಕೆಳಗೆ ಅವಳ ಟಿಪ್ಪಣಿ: ‘ಮಗು ಹೇಳಿದ್ದು ಸರಿ. ಆದರೆ ಅದು ಬೇರೆ ಪ್ರಶ್ನೆಯ ಉತ್ತರ. ಒಂದೇ ವಸ್ತುವಿನ ಅರ್ಧವನ್ನೂ ಮೂರನೇ ಒಂದು ಭಾಗವನ್ನೂ ಕೂಡುವುದು ಬೇರೆ, ಎರಡು ಗುಂಪುಗಳನ್ನು ಸೇರಿಸುವುದು ಬೇರೆ. ನಾಳೆ ಎರಡನ್ನೂ ಹಲಗೆಯ ಮೇಲೆ ಪಕ್ಕಪಕ್ಕ ಬರೆಯಬೇಕು.’

ಮುಂದಿನ ಪುಟದಲ್ಲಿ, ಬಹುಶಃ ಅದೇ ಮಗುವೇ ಇರಬೇಕು, 1/3 ಮತ್ತು 1/2ರ ನಡುವೆ ಬರುವ ಯಾವುದಾದರೂ ಒಂದು ಭಿನ್ನರಾಶಿ ಬರೆ ಎಂದಾಗ ಮತ್ತೆ 2/5 ಎಂದೇ ಬರೆದಿದೆ. ಈ ಸಲ ಉತ್ತರ ಸರಿ. ಅವಳು ಅಲ್ಲಿಗೇ ಬಿಡಲಿಲ್ಲ. ಅಂಶವನ್ನೂ ಛೇದವನ್ನೂ ಹೀಗೆ ಕೂಡಿದಾಗ ಬರುವ ಭಿನ್ನರಾಶಿ ಯಾವಾಗಲೂ ಎರಡರ ನಡುವೆಯೇ ಬೀಳುತ್ತದೆಯೇ ಎಂದು ಪರೀಕ್ಷಿಸಲು ಮುಂದಿನ ಐದು ಪುಟಗಳ ತುಂಬ ಲೆಕ್ಕ ಮಾಡಿದ್ದಾಳೆ. 2/3 ಮತ್ತು 3/4ರ ನಡುವೆ 5/7. 1/5 ಮತ್ತು 4/7ರ ನಡುವೆ 5/12. ಎಲ್ಲ ಕಡೆಯೂ ನಡುವೆಯೇ ಬೀಳುತ್ತದೆ. ಐದನೇ ಪುಟದ ಕೊನೆಯಲ್ಲಿ ಅದು ಯಾವಾಗಲೂ ನಿಜವೆಂಬುದಕ್ಕೆ ಸಾಧನೆಯನ್ನೂ ಬರೆದಿದ್ದಾಳೆ. ಇದು ಗಣಿತಜ್ಞರಿಗೆ ಮೊದಲೇ ಗೊತ್ತಿದ್ದ ಸಂಗತಿ. 1816ರಲ್ಲಿ ಜಾನ್ ಫೇರಿ ಎಂಬ ಬ್ರಿಟಿಷ್ ಭೂವಿಜ್ಞಾನಿ, ಭಿನ್ನರಾಶಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಇಂಥದ್ದೇ ಗುಣ ಕಾಣುತ್ತದೆಂದು ಗಮನಿಸಿ ಪ್ರಕಟಿಸಿದ್ದ. ಫ್ರೆಂಚ್ ಗಣಿತಜ್ಞ ಕೋಶಿ ಅದಕ್ಕೆ ಸಾಧನೆ ಒದಗಿಸಿದ್ದ. ಅದನ್ನು ತಿಳಿದ ಮೇಲೆ ಅವಳು ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಫೇರಿಯ ಹೆಸರನ್ನೂ ವರ್ಷವನ್ನೂ ಬರೆದು, ‘ಮಗುವಿಗೆ ಹೇಳಿದೆ’ ಎಂದು ಸೇರಿಸಿದ್ದಾಳೆ. ತಾನು ಕಂಡದ್ದನ್ನೇ ಹಿಂದೊಮ್ಮೆ ವಿಜ್ಞಾನಿಯೊಬ್ಬ ಕಂಡಿದ್ದ ಎಂದು ಕೇಳಿಸಿಕೊಂಡ ಆ ಮಗುವಿನ ಮುಖವನ್ನು ನಾನು ಹಲವು ಸಲ ಊಹಿಸಿಕೊಂಡಿದ್ದೇನೆ. ನಮ್ಮ ಕಾಲದಲ್ಲಾಗಿದ್ದರೆ ಆ 2/5 ಡಸ್ಟರಿನ ಪಾಲಾಗುತ್ತಿತ್ತು.

ಈ ಎಲ್ಲವನ್ನೂ ಅವಳಿದ್ದಾಗಲೇ ಅವಳಿಗೆ ಹೇಳಬೇಕಾಗಿತ್ತು ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ. 1957ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಲೇಖಕ ಆಲ್ಬರ್ಟ್ ಕಾಮು, ತನಗೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ ಲೂಯಿ ಜೆರ್ಮೇನ್ ಅವರಿಗೆ ಕೃತಜ್ಞತೆಯ ಪತ್ರ ಬರೆದರು. ಅದನ್ನು ಓದಲು ಆ ಗುರುಗಳು ಬದುಕಿದ್ದರು. ನಾನು ಕಾಯಿಲೆಯ ದಿನಗಳಲ್ಲಿ ವಾರಕ್ಕೊಮ್ಮೆ ಅವಳ ಹಾಸಿಗೆಯ ಪಕ್ಕ ಕುಳಿತು, ಔಷಧಿ, ನಿದ್ದೆ, ಮಕ್ಕಳು, ಮೊಮ್ಮಕ್ಕಳು ಎಲ್ಲವನ್ನೂ ಮಾತಾಡಿದೆ. ಆ ಜಗಳದಲ್ಲಿ ನಾನು ಆಡಿದ ಮಾತು ತಪ್ಪಾಗಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ನನ್ನ ಮಗ ಇಂದು ತನ್ನ ಮಗಳ ನೋಟ್‌ಬುಕ್ಕಿನಲ್ಲಿ ತಪ್ಪು ಕಂಡಾಗ ದನಿ ಏರಿಸದೆ, ‘ಇದು ಹೇಗೆ ಬಂತು ಹೇಳು ಮರಿ’ ಎಂದು ಕೇಳುತ್ತಾನೆ. ಅದು ಯಾರ ಮಾತೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಅದನ್ನೂ ನಾನು ಅವಳಿಗೆ ಹೇಳಿರಲಿಲ್ಲ.

ಸಂಪಾದಕರೇ, ನನ್ನದು ಒಂದು ಬಿನ್ನಹವೂ ಇದೆ. ಶಿಕ್ಷಕರು ತೀರಿಕೊಂಡಾಗ ಪತ್ರಿಕೆಗಳು ಪಡೆದ ಪ್ರಶಸ್ತಿಗಳನ್ನೂ ನಿರ್ವಹಿಸಿದ ಹುದ್ದೆಗಳನ್ನೂ ಬರೆಯುತ್ತವೆ. ಅವಳಿಗೆ ಎರಡೂ ಇರಲಿಲ್ಲವಾದ್ದರಿಂದ ಐದೇ ಸಾಲಿಗೆ ಸುದ್ದಿ ಮುಗಿದುಹೋಯಿತು. ಸಾಧ್ಯವಾದಾಗ ವಿದ್ಯಾರ್ಥಿಯೊಬ್ಬರನ್ನು ಕೇಳಿ, ಆ ಶಿಕ್ಷಕರಿಂದ ಅವರು ಕಲಿತ ಯಾವುದಾದರೂ ಒಂದು ಪಾಠವನ್ನು, ಅದು ವ್ಯಾಕರಣವಾಗಿರಲಿ ಭೂಗೋಳವಾಗಿರಲಿ, ಎರಡು ಸಾಲಿನಲ್ಲಿ ಸೇರಿಸಿದರೆ ಓದುವ ಇತರ ಶಿಕ್ಷಕರಿಗೂ ಅದರಿಂದ ಪ್ರಯೋಜನವಾದೀತು. ನೋಟ್‌ಬುಕ್ಕುಗಳನ್ನು ಏನು ಮಾಡಬೇಕೆಂದು ಮನೆಯವರು ಕೇಳಿದಾಗ, ಗಣಿತ ಕಲಿಸುವವರು ಯಾರು ಕೇಳಿದರೂ ಪ್ರತಿ ಮಾಡಿಕೊಳ್ಳಲು ಕೊಡಬೇಕೆಂದು ನಾನು ಹೇಳಿದೆ, ಅವರು ಸಂತೋಷದಿಂದ ಒಪ್ಪಿದ್ದಾರೆ. ಮಕ್ಕಳ ಹೆಸರಿಲ್ಲದಿರುವುದರಿಂದ ಯಾರಿಗೂ ಮುಜುಗರವಾಗುವ ಪ್ರಶ್ನೆಯಿಲ್ಲ. ಆಸಕ್ತರು ಪತ್ರಿಕೆಯ ಕಚೇರಿಗೆ ಬರೆದರೆ ನನಗೆ ತಲುಪಿಸುವ ಕೃಪೆ ಮಾಡಬೇಕು.

ಹನ್ನೊಂದನೆಯ ನೋಟ್‌ಬುಕ್ ಅರ್ಧಕ್ಕೆ ನಿಂತಿದೆ. ನಿವೃತ್ತಿಯ ನಂತರವೂ ಸಂಜೆ ಮನೆಗೆ ಬರುತ್ತಿದ್ದ ಮಕ್ಕಳಿಗೆ ಅವಳು ಲೆಕ್ಕ ಹೇಳಿಕೊಡುತ್ತಿದ್ದಳು. ಕೊನೆಯ ಟಿಪ್ಪಣಿ ಆ ಮಕ್ಕಳಲ್ಲಿ ಒಬ್ಬರದು. 84 ÷ 4 = 12 ಎಂದಿದೆ. ಅದರ ಕೆಳಗೆ ಅವಳು ಎರಡು ಕಾರಣಗಳನ್ನು ಬರೆದಿದ್ದಾಳೆ. ಒಂದು, ‘ಎಂಟನ್ನೂ ನಾಲ್ಕನ್ನೂ ಕೂಡಿರಬಹುದು.’ ಇನ್ನೊಂದು, ‘ಕೂಡುವುದು, ಕಳೆಯುವುದು, ಗುಣಿಸುವುದು ಮೂರನ್ನೂ ಬಲಗಡೆಯ ಬಿಡಿ ಸ್ಥಾನದಿಂದ ಶುರುಮಾಡಲು ಕಲಿಸಿದ್ದೇವೆ, ಭಾಗಾಕಾರ ಒಂದನ್ನು ಮಾತ್ರ ಎಡಗಡೆಯಿಂದ. ಈ ಮಗು ಬಲಗಡೆಯಿಂದ ಶುರುಮಾಡಿ, ನಾಲ್ಕರಲ್ಲಿ ನಾಲ್ಕು ಒಂದು ಸಲ ಎಂದು 1 ಬರೆದು, ಎಂಟರಲ್ಲಿ ನಾಲ್ಕು ಎರಡು ಸಲ ಎಂದು ಅದರ ಪಕ್ಕ 2 ಬರೆದಿರಬಹುದು.’ ಎರಡರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ ಇದೆ. ಕೊನೆಗೆ, ‘ಊಹಿಸಬಾರದು. ನಾಳೆ ಮಗುವನ್ನೇ ಕೇಳಬೇಕು’ ಎಂದಿದೆ. ಮರುದಿನ ಅವಳನ್ನು ಆಸ್ಪತ್ರೆಗೆ ಸೇರಿಸಲಾಯಿತು.

ಆ ಮಗುವಾಗಲಿ ಮನೆಯವರಾಗಲಿ ಈ ಪತ್ರವನ್ನು ಓದಿದರೆ, ಆ 12 ಹೇಗೆ ಬಂತು ಎಂಬುದನ್ನು ದಯವಿಟ್ಟು ತಿಳಿಸಬೇಕು. ಪುಟದಲ್ಲಿ ಇನ್ನೂ ಎರಡು ಸಾಲಿನಷ್ಟು ಜಾಗವಿದೆ, ನಾನು ಬರೆದಿಡುತ್ತೇನೆ.

ಇತಿ,
ಅವಳ ಸಹಪಾಠಿ